ಅಗಲವೋ ಸಪೂರವೋ: ಕಚ್ಚಾ ದಾರಿಯ ಜೀಪಿಗೆ ಟೈರು ಆರಿಸುವ ಲೆಕ್ಕ

16 ಇಂಚಿನ ರಿಮ್ಮಿಗೆ ಕೂರುವ ಎರಡು ಟೈರುಗಳನ್ನು ಪಕ್ಕಪಕ್ಕ ನಿಲ್ಲಿಸೋಣ. ಒಂದರ ಮೇಲೆ 235/85 ಆರ್ 16 ಎಂದಿದೆ, ಇನ್ನೊಂದರ ಮೇಲೆ 265/75 ಆರ್ 16. ಮೊದಲ ಸಂಖ್ಯೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು ಟೈರಿನ ಪಕ್ಕೆಯ ಎತ್ತರ ಅಗಲದ ಶೇಕಡಾ ಎಷ್ಟು ಎಂಬುದು. 235ರ ಶೇ. 85 ಎಂದರೆ ಸುಮಾರು 200 ಮಿ.ಮೀ. ಮೇಲೆ ಕೆಳಗೆ ಸೇರಿ 400, ರಿಮ್ಮಿನ 16 ಇಂಚು ಅಂದರೆ 406 ಕೂಡಿಸಿದರೆ ಟೈರಿನ ಒಟ್ಟು ಎತ್ತರ 806 ಮಿ.ಮೀ. ಇನ್ನೊಂದನ್ನೂ ಹೀಗೇ ಲೆಕ್ಕ ಹಾಕಿದರೆ 804 ಬರುತ್ತದೆ. ಎತ್ತರದಲ್ಲಿ ಎರಡೂ ಒಂದೇ, ಅಗಲದಲ್ಲಿ ಮಾತ್ರ 30 ಮಿ.ಮೀ. ವ್ಯತ್ಯಾಸ. ಅಗಲದಿಂದ ಏನಾಗುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. ಅಂಗಡಿಯಲ್ಲಿ ನಡೆಯುವ ಹೋಲಿಕೆಗಳಲ್ಲಿ ಎತ್ತರ, ಅಗಲ, ಬಟನ್ನಿನ (ಟೈರಿನ ಮೈಮೇಲಿನ ರಬ್ಬರ್ ಉಬ್ಬುಗಳ) ಆಕಾರ ಎಲ್ಲವೂ ಒಟ್ಟಿಗೇ ಬದಲಾಗಿರುತ್ತವೆ. ಆಮೇಲೆ ಗೆದ್ದದ್ದು ಯಾವುದರಿಂದ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಅಗಲ ಟೈರು ಹಾಕಿದರೆ ನೆಲಕ್ಕೆ ತಾಗುವ ಜಾಗ ಹೆಚ್ಚುತ್ತದೆ ಎಂಬುದು ಬಹುತೇಕರ ನಂಬಿಕೆ. ಗಾಳಿಯ ಒತ್ತಡ ಬದಲಾಗದಿದ್ದರೆ ಅದು ಹೆಚ್ಚುವುದಿಲ್ಲ, ಹೆಚ್ಚಿದರೂ ಅತಿ ಸ್ವಲ್ಪ. ಗಾಡಿಯ ಭಾರವನ್ನು ಹೊರುವುದು ಮುಖ್ಯವಾಗಿ ಒಳಗಿನ ಗಾಳಿ. 1,800 ಕೆ.ಜಿ. ಗಾಡಿಯಲ್ಲಿ ಒಂದು ಚಕ್ರದ ಮೇಲೆ ಸುಮಾರು 450 ಕೆ.ಜಿ. ಬೀಳುತ್ತದೆ ಎಂದಿಟ್ಟುಕೊಳ್ಳಿ. 30 ಪಿಎಸ್‌ಐ ಎಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕೆ.ಜಿ. ಭಾಗಿಸಿದರೆ 213 ಚದರ ಸೆಂ.ಮೀ. ಟೈರು ಸಪೂರವಿದ್ದರೂ ಅಗಲವಿದ್ದರೂ ನೆಲದ ಮೇಲಿನ ಅಚ್ಚು ಹೆಚ್ಚು ಕಡಿಮೆ ಇಷ್ಟೇ. ಟೈರಿನ ಪಕ್ಕೆಯ ಬಿಗಿತವೂ ಒಂದಿಷ್ಟು ಭಾರ ಹೊರುವುದರಿಂದ ನಿಜವಾದ ಅಂಕಿ ಸ್ವಲ್ಪ ಆಚೀಚೆ ಆಗಬಹುದು.

ಬದಲಾಗುವುದು ಅಚ್ಚಿನ ಆಕಾರ. ನೆಲ ಮುಟ್ಟುವ ಪಟ್ಟಿ 18 ಸೆಂ.ಮೀ. ಅಗಲವಿದ್ದರೆ ಅಚ್ಚು ಸುಮಾರು 12 ಸೆಂ.ಮೀ. ಉದ್ದ ಬರುತ್ತದೆ. ಪಟ್ಟಿ 22 ಸೆಂ.ಮೀ. ಇದ್ದರೆ ಉದ್ದ 10ಕ್ಕಿಂತ ಕಡಿಮೆ. ಸಪೂರ ಟೈರಿನ ಅಚ್ಚು ಉದ್ದುದ್ದ, ಅಗಲ ಟೈರಿನದು ಅಡ್ಡಡ್ಡ. ಗಾಳಿಯನ್ನು 15 ಪಿಎಸ್‌ಐಗೆ ಇಳಿಸಿದರೆ ಲೆಕ್ಕದ ಪ್ರಕಾರ ಜಾಗ ದುಪ್ಪಟ್ಟಾಗುತ್ತದೆ. ಪಟ್ಟಿಯ ಅಗಲ ಮೊದಲೇ ಪೂರ್ತಿ ನೆಲ ಮುಟ್ಟಿರುವುದರಿಂದ ಹೆಚ್ಚುವುದು ಬಹುತೇಕ ಉದ್ದವೇ. 30 ಮಿ.ಮೀ. ಅಗಲಕ್ಕಾಗಿ ಸಾವಿರಾರು ರೂಪಾಯಿ ಸುರಿಯುವ ಮೊದಲು ವಾಲ್ವಿನ ಪಿನ್ನು ಒತ್ತಿ ನೋಡುವುದು ಒಳ್ಳೆಯದು ಎನ್ನುವುದು ಈ ಕಾರಣಕ್ಕೆ.

ನಂಬಿಕೆ ಬಾರದವರು ಮನೆಯಂಗಳದಲ್ಲೇ ಅಳೆಯಬಹುದು. ಗಟ್ಟಿ ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಬೇರೆ ಚಕ್ರಗಳಿಗೆ ಕಲ್ಲು ಕೊಡಿ. ಒಂದು ಚಕ್ರವನ್ನು ಜಾಕಿನಿಂದ ಎತ್ತಿ, ಕೆಳಭಾಗದ ಬಟನ್ನುಗಳಿಗೆ ಗಟ್ಟಿಯಾಗಿ ಕಲಸಿದ ಸುಣ್ಣ ಬಳಿಯಿರಿ. ಅಡಿಗೆ ದಪ್ಪ ರಟ್ಟು ಇಟ್ಟು ನಿಧಾನವಾಗಿ ಇಳಿಸಿ, ಮತ್ತೆ ಎತ್ತಿ. ರಟ್ಟಿನ ಮೇಲೆ ಮೂಡಿದ ಅಚ್ಚಿನ ಉದ್ದ ಅಗಲ ಬರೆದುಕೊಳ್ಳಿ. ಒಮ್ಮೆ 32 ಪಿಎಸ್‌ಐನಲ್ಲಿ, ಒಮ್ಮೆ 16ರಲ್ಲಿ ಮಾಡಿದರೆ ಸಾಕು.

ಅಚ್ಚು ಉದ್ದವಿದ್ದರೆ ಏನು ಲಾಭ?

ಮೆತ್ತನೆಯ ನೆಲದಲ್ಲಿ ಚಕ್ರ ಎರಡು ಕೆಲಸ ಮಾಡುತ್ತಿರುತ್ತದೆ. ಮುಂದಿನ ಅಂಚು ಮಣ್ಣನ್ನು ಒತ್ತುತ್ತಾ, ತಳ್ಳುತ್ತಾ ದಾರಿ ಮಾಡಿಕೊಳ್ಳುತ್ತದೆ. ಹಿಂದಿನ ಭಾಗ ಆಗಲೇ ಒತ್ತಿ ಗಟ್ಟಿಯಾದ ಮಣ್ಣನ್ನು ಹಿಡಿದು ಗಾಡಿಯನ್ನು ಮುಂದಕ್ಕೆ ನೂಕುತ್ತದೆ. ಚಕ್ರ ಅಗಲವಾದಷ್ಟೂ ಅದು ಎದುರಿಗೆ ತಳ್ಳಬೇಕಾದ ಮಣ್ಣಿನ ಗೋಡೆಯೂ ಅಗಲ. ಅಚ್ಚು ಉದ್ದವಾದಷ್ಟೂ ಗಟ್ಟಿಯಾದ ನೆಲದ ಮೇಲೆ ನಿಂತ ಬಟನ್ನುಗಳ ಸಾಲು ಹೆಚ್ಚು. ಹಾಗಾಗಿ ನೆಲ ಮುಟ್ಟುವ ಜಾಗ ಸಮನಾಗಿದ್ದರೆ, ಉದ್ದುದ್ದ ಅಚ್ಚು ಉರುಳುವುದಕ್ಕೆ ಕಡಿಮೆ ಶಕ್ತಿ ಕೇಳುತ್ತದೆ. ಸಿಂಧನೂರು, ಗಂಗಾವತಿ ಕಡೆಯ ಭತ್ತದ ಗದ್ದೆಗೆ ಇಳಿಯುವ ಚೈನ್ ಹಾರ್ವೆಸ್ಟರ್ ನೋಡಿ. ಅದರ ಪಟ್ಟಿ ಅಗಲಕ್ಕಿಂತ ಎಷ್ಟೋ ಪಟ್ಟು ಉದ್ದ.

ಹಿಡಿತದ ಲೆಕ್ಕ ಬೇರೆ. ನೆಲ ಮತ್ತು ಚಕ್ರದ ಸಂಬಂಧವನ್ನು ವಿಜ್ಞಾನವಾಗಿ ಬೆಳೆಸಿದವರಲ್ಲಿ ಮುಖ್ಯರಾದ, ಅಪೊಲೊ ಚಂದ್ರವಾಹನದ ಕೆಲಸದಲ್ಲೂ ಇದ್ದ ಎಂಜಿನಿಯರ್ ಬೆಕ್ಕರ್ ಬಳಸಿದ ಸೂತ್ರ ಸರಳ: ಮಣ್ಣು ಕೊಡುವ ಹಿಡಿತದಲ್ಲಿ ಎರಡು ಪಾಲು. ಒಂದು ಮಣ್ಣಿನ ಅಂಟಿನಿಂದ ಬರುವುದು, ಅದು ತಾಗುವ ಜಾಗ ಹೆಚ್ಚಿದಷ್ಟೂ ಹೆಚ್ಚುತ್ತದೆ. ಇನ್ನೊಂದು ಕಣಗಳ ನಡುವಿನ ತಿಕ್ಕಾಟದಿಂದ ಬರುವುದು, ಅದು ಮೇಲಿನ ಭಾರ ಹೆಚ್ಚಿದಷ್ಟೂ ಹೆಚ್ಚುತ್ತದೆ. ನೆನೆದ ಜೇಡಿಮಣ್ಣಿನಲ್ಲಿ ತಿಕ್ಕಾಟ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಅಂಟೊಂದೇ ಗತಿ. ಅಲ್ಲಿ ಗಾಡಿಗೆ ಭಾರ ಹೇರಿದರೆ ಹೂಳುತ್ತದೆಯೇ ಹೊರತು ಹಿಡಿತ ಹೆಚ್ಚುವುದಿಲ್ಲ. ಒಣ ಮರಳಿನಲ್ಲಿ ಇದಕ್ಕೆ ತದ್ವಿರುದ್ಧ. ಅಂಟು ಸೊನ್ನೆ, ಜಾಗ ಹೆಚ್ಚಿದರೆ ಹಿಡಿತವೇನೂ ಹೆಚ್ಚದು. ಆದರೆ ಹೂಳುವುದು ಕಡಿಮೆಯಾಗಿ ಮುಂದೆ ತಳ್ಳಬೇಕಾದ ಮರಳು ಕಡಿಮೆಯಾಗುತ್ತದೆ. ಎರಡು ನೆಲಕ್ಕೂ ಗಾಳಿ ಇಳಿಸುವುದೇ ಮದ್ದು, ಕಾರಣ ಮಾತ್ರ ಬೇರೆ ಬೇರೆ.

ಕೆಳಗೆ ಗಟ್ಟಿ ನೆಲ ಇದೆಯೇ?

ಟೈರಿನ ಅಗಲ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು. ಕೆಸರಿನ ಕೆಳಗೆ, ಚಕ್ರ ಮುಟ್ಟುವಷ್ಟು ಆಳದಲ್ಲಿ, ಗಟ್ಟಿ ನೆಲ ಇದ್ದರೆ ಸಪೂರ ಟೈರು. ಇಲ್ಲದಿದ್ದರೆ ಅಗಲ ಟೈರು, ಅಥವಾ ಬೇರೆ ದಾರಿ.

ಕೊಡಗು, ಸಕಲೇಶಪುರ, ಮೂಡಿಗೆರೆಯ ತೋಟದ ದಾರಿಗಳು ಬಹುಪಾಲು ಮೊದಲ ಬಗೆಯವು. ಮಳೆಗಾಲದಲ್ಲಿ ಮೇಲಿನ ಕೆಲವು ಇಂಚು ಕೆಂಪುಮಣ್ಣು ಸಾಬೂನಿನಂತಾಗುತ್ತದೆ, ಅದರ ಕೆಳಗೆ ಜಲ್ಲಿಯೋ ಜಂಬಿಟ್ಟಿಗೆಯೋ ಇರುತ್ತದೆ. ಸಪೂರ ಟೈರು ಈ ಪದರವನ್ನು ಸೀಳಿ ಅಡಿಗೆ ಕೂರುತ್ತದೆ. ಅಗಲ ಟೈರು ಅದರ ಮೇಲೆಯೇ ತೇಲಿ, ಇಳಿಜಾರಿನಲ್ಲಿ ಚರಂಡಿ ಕಡೆಗೆ ಜಾರುತ್ತದೆ. ಹಳೆಯ ಜೀಪುಗಳು ಇಂಥ ದಾರಿಯಲ್ಲಿ ಆರಾಮವಾಗಿ ಏರುವುದಕ್ಕೆ ಚಾಲಕರ ಕೈಚಳಕದ ಜೊತೆಗೆ ಟೈರಿನ ಪಾಲೂ ಇದೆ. ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನ ಟೈರು 6.00-16, ಅಂದರೆ ಅಗಲ ಬರೀ ಆರು ಇಂಚಿನ ಆಸುಪಾಸು. ಹಳೆಯ ಲ್ಯಾಂಡ್ ರೋವರುಗಳಲ್ಲಿ ಸಾಮಾನ್ಯವಾಗಿದ್ದ 7.50-16 ಕೂಡ ಎತ್ತರದ, ಸಪೂರ ಟೈರೇ. ನಮ್ಮ ಎತ್ತಿನ ಗಾಡಿಯ ಚಕ್ರದ್ದೂ ಇದೇ ತರ್ಕ: ಎದೆಯೆತ್ತರದ ಚಕ್ರ, ಅಂಗೈಗಿಂತ ಸಪೂರವಾದ ಕಬ್ಬಿಣದ ಪಟ್ಟಿ.

ಇನ್ನೆರಡು ಕಾರಣಗಳೂ ಮಲೆನಾಡಿನಲ್ಲಿ ಸಪೂರದ ಪರವಾಗಿವೆ. ಒಂದು, ಜಾಡು. ಜೀಪು, ಪಿಕಪ್ಪುಗಳು ಓಡಾಡಿ ಕೊರೆದ ಜಾಡಿನಲ್ಲಿ ಅದಕ್ಕಿಂತ ಅಗಲದ ಟೈರು ತಳ ಮುಟ್ಟದೆ ಎರಡೂ ಗೋಡೆಗಳ ಮೇಲೆ ಸವರಿಕೊಂಡು ಹೋಗುತ್ತದೆ. ಗೋಡೆಯಲ್ಲಿ ಚೂಪುಗಲ್ಲು ಇದ್ದರೆ ಪಕ್ಕೆ ಸೀಳುತ್ತದೆ, ಪಕ್ಕೆ ಸೀಳಿದ ಟೈರಿಗೆ ಪಂಚರ್ ಹಾಕಲು ಬರುವುದಿಲ್ಲ. ಎರಡನೆಯದು, ಚೈನು. ಜೋರು ಮಳೆಯಲ್ಲಿ ತೋಟದ ಜೀಪುಗಳು ಚಕ್ರಕ್ಕೆ ಚೈನು ಕಟ್ಟಿಕೊಂಡು ಓಡಾಡುತ್ತವೆ. ಯಾವ ಬಟನ್ ಟೈರೂ ಚೈನಿನಷ್ಟು ಹಿಡಿಯುವುದಿಲ್ಲ. ಚೈನು ಕಟ್ಟಲು ಟೈರಿಗೂ ಮಡ್‌ಗಾರ್ಡಿಗೂ, ಟೈರಿಗೂ ಲೀಫ್ ಸ್ಪ್ರಿಂಗಿಗೂ ನಡುವೆ ಜಾಗ ಬೇಕು, ಅಗಲ ಟೈರು ಆ ಜಾಗವನ್ನೇ ತಿಂದುಹಾಕುತ್ತದೆ. ಚೈನು ಕಟ್ಟಿದ ಮೇಲೆ ನೂರಿನ್ನೂರು ಮೀಟರು ಹೋಗಿ ನಿಲ್ಲಿಸಿ ಮತ್ತೆ ಬಿಗಿಯಬೇಕು. ಸಡಿಲ ಚೈನು ತುಂಡಾಗಿ ಬೀಸಿದರೆ ಬ್ರೇಕ್ ಪೈಪು ಹೋಗುತ್ತದೆ. ಡಾಂಬರು ಬಂದ ಕೂಡಲೇ ಬಿಚ್ಚಿ.

ಆಳ ತಿಳಿಯಲು ಒಂದು ಕಬ್ಬಿಣದ ಸರಳು ಸಾಕು. ಕೆಸರಿನಲ್ಲಿ ಒತ್ತಿ, ಎಲ್ಲಿ ಗಟ್ಟಿ ತಾಗುತ್ತದೋ ಅಲ್ಲಿ ಬೆರಳಿಟ್ಟು ಅಳೆಯಿರಿ. ಮಹೀಂದ್ರ ಥಾರ್‌ನ ಗ್ರೌಂಡ್ ಕ್ಲಿಯರೆನ್ಸ್ (ಗಾಡಿಯ ತಳಕ್ಕೂ ನೆಲಕ್ಕೂ ನಡುವಿನ ಅಂತರ) 226 ಮಿ.ಮೀ., ಮಾರುತಿ ಜಿಮ್ನಿಯದು 210. ಸರಳು ಇದಕ್ಕಿಂತ ಕಡಿಮೆ ಆಳದಲ್ಲಿ ನಿಂತರೆ ಚಕ್ರ ತಳ ಮುಟ್ಟುತ್ತದೆ, ಗಾಡಿ ನಡೆಯುತ್ತದೆ. ಅದಕ್ಕಿಂತ ಆಳ ಹೋದರೆ ಸಪೂರ ಟೈರು ತಳ ಹುಡುಕುತ್ತಾ ಇಳಿಯುವಷ್ಟರಲ್ಲಿ ಡಿಫರೆನ್ಷಿಯಲ್ (ಆಕ್ಸಲ್ಲಿನ ನಡುವಿನ ಗೇರುಗಳ ಗುಂಡು) ಕೆಸರಿನ ಮೇಲೆ ಕೂತು, ನಾಲ್ಕು ಚಕ್ರವೂ ಸುಮ್ಮನೆ ತಿರುಗುತ್ತಿರುತ್ತವೆ. ಸಪೂರ ಟೈರಿನ ದೊಡ್ಡ ದೌರ್ಬಲ್ಯ ಇದೇ. ಇಂಥ ಕಡೆ ಚಕ್ರ ತಿರುಗಿಸಿದಷ್ಟೂ ಗುಂಡಿ ಆಳವಾಗುತ್ತದೆ, ಹಾಗಾಗಿ ಗಾಡಿ ನಿಂತ ಕ್ಷಣ ಆಕ್ಸಲರೇಟರ್ ಬಿಡಬೇಕು.

ಉತ್ತರ ಕರ್ನಾಟಕದ ಎರೆಭೂಮಿಯ ಕಥೆಯೇ ಬೇರೆ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಎಷ್ಟೋ ಕಡೆ ಮೀಟರಿಗೂ ಮಿಕ್ಕಿ ಆಳವಿರುತ್ತದೆ. ಅಡಿಯಲ್ಲಿ ತಳ ಸಿಗದ ಕಾರಣ ಇಲ್ಲಿ ಅಗಲ ಟೈರೇ ಸರಿ ಎಂದು ತೋರುತ್ತದೆ. ಆದರೆ ಈ ಮಣ್ಣು ಟೈರಿಗೆ ಸುತ್ತಿಕೊಳ್ಳುತ್ತದೆ. ಬಟನ್ನುಗಳ ನಡುವಿನ ಸಂದು ತುಂಬಿ ಟೈರು ನುಣ್ಣಗಾಗುತ್ತದೆ, ಇನ್ನಷ್ಟು ಸುತ್ತಿಕೊಂಡು ಮಡ್‌ಗಾರ್ಡಿನೊಳಗೆ ಒತ್ತಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಅಗಲ ಟೈರಿನ ಸುತ್ತ ಜಾಗ ಕಡಿಮೆ, ಅದು ಬೇಗ ಸಿಕ್ಕಿಕೊಳ್ಳುತ್ತದೆ. ಇಲ್ಲಿ ನೋಡಬೇಕಾದದ್ದು ಬಟನ್ನುಗಳ ನಡುವಿನ ಅಂತರ. ಸಂದು ದೊಡ್ಡದಿದ್ದರೆ ಚಕ್ರ ತಿರುಗುವಾಗ ಮಣ್ಣು ಸಿಡಿದು ಹೋಗುತ್ತದೆ. ನೇರವಾಗಿ ಹೇಳುವುದಾದರೆ, ನೆನೆದ ಎರೆಹೊಲದಲ್ಲಿ ಟೈರು ಬದಲಿಸುವುದಕ್ಕಿಂತ ಎರಡು ದಿನ ಬಿಸಿಲಿಗೆ ಕಾಯುವುದು ಅಗ್ಗ.

ಮರಳಿನಲ್ಲಿ ಅಗಲ ಟೈರಿಗೆ ನಿಜವಾದ ಲಾಭವಿದೆ, ಆದರೆ ಜನ ಹೇಳುವ ಕಾರಣಕ್ಕಲ್ಲ. ಅಗಲ ಟೈರಿನೊಳಗೆ ಗಾಳಿಗೆ ಜಾಗ ಹೆಚ್ಚು. ಅದೇ ಭಾರಕ್ಕೆ ಅದನ್ನು ಇನ್ನೂ ಕಡಿಮೆ ಒತ್ತಡಕ್ಕೆ ಇಳಿಸಿದರೂ ಪಕ್ಕೆ ಮಡಚಿ ರಿಮ್ಮಿಗೆ ತಾಗುವುದಿಲ್ಲ. ದುಬೈ, ಮಸ್ಕತ್‌ನಲ್ಲಿರುವ ಕನ್ನಡಿಗರು ವಾರಾಂತ್ಯಕ್ಕೆ ಮರಳುಗಾಡಿಗೆ ಹೋಗುವಾಗ 12ರಿಂದ 15 ಪಿಎಸ್‌ಐಗೆ ಇಳಿಸುವುದು ವಾಡಿಕೆ. 30 ಪಿಎಸ್‌ಐ ತುಂಬಿಕೊಂಡ ಅಗಲ ಟೈರು ಮರಳಿನಲ್ಲಿ ಹೂಳುತ್ತದೆ, 14ಕ್ಕೆ ಇಳಿಸಿದ ಸಪೂರ ಟೈರು ಅದರ ಪಕ್ಕದಲ್ಲೇ ದಾಟಿ ಹೋಗುತ್ತದೆ.

ಬಂಡೆಯ ಮೇಲೆ, ಅದರಲ್ಲೂ ಅಡ್ಡ ಇಳಿಜಾರಿನಲ್ಲಿ, ಅಗಲ ಟೈರು ಗಾಡಿಯನ್ನು ಸ್ಥಿರವಾಗಿಡುತ್ತದೆ. ಗಾಳಿ ಇಳಿಸಿದರೆ ಕಲ್ಲಿನ ಉಬ್ಬುತಗ್ಗಿಗೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಹಿಮದಲ್ಲಿ ಕೆಸರಿನ ನಿಯಮವೇ: ಡಾಂಬರಿನ ಮೇಲೆ ಬಿದ್ದ ನಾಲ್ಕು ಇಂಚು ಹಿಮಕ್ಕೆ ಸಪೂರ ಟೈರು ಮತ್ತು ಚೈನು. ಐಸ್‌ಲ್ಯಾಂಡಿನ ಹಿಮನದಿಗಳ ಮೇಲಾದರೆ 38ರಿಂದ 44 ಇಂಚಿನ ಭಾರಿ ಅಗಲದ ಟೈರುಗಳನ್ನು 5 ಪಿಎಸ್‌ಐಗಿಂತಲೂ ಕೆಳಗೆ ಇಳಿಸಿ ತೇಲಿಸಿಕೊಂಡು ಹೋಗುತ್ತಾರೆ. ಮಳೆಗಾಲದ ಹೆದ್ದಾರಿಯಲ್ಲಿ, ನಿಂತ ನೀರಿನ ಮೇಲೆ, ಅಗಲ ಟೈರು ಬೇಗ ತೇಲುತ್ತದೆ. ವಾರದಲ್ಲಿ ಆರು ದಿನ ಗಾಡಿ ಓಡುವುದು ಡಾಂಬರಿನ ಮೇಲೆಯೇ ಆದ್ದರಿಂದ ಇದು ಸಣ್ಣ ಮಾತಲ್ಲ.

ರಿಮ್ಮು, ಆಫ್‌ಸೆಟ್, ಉಜ್ಜಾಟ

ಜಿಮ್ನಿಗೆ ಕಂಪನಿಯಿಂದ ಬರುವುದು 195/80 ಆರ್ 15, ಎತ್ತರ 693 ಮಿ.ಮೀ., ರಿಮ್ಮಿನ ಅಗಲ 5.5 ಇಂಚು. ಅನೇಕರು 215/75 ಆರ್ 15 ಹಾಕಿಸುತ್ತಾರೆ. ಎತ್ತರ 703 ಆಗುತ್ತದೆ, ಶೇ. 1.5 ಹೆಚ್ಚು. 5.5 ಇಂಚಿನ ರಿಮ್ಮು ಈ ಟೈರಿಗೆ ಒಪ್ಪಿತವಾದ ಕನಿಷ್ಠ ಅಗಲ, ಹಾಗಾಗಿ ನಡೆಯುತ್ತದೆ. ಅಲ್ಲಿಂದ 235/75 ಆರ್ 15ಕ್ಕೆ ಜಿಗಿದರೆ ಎತ್ತರ 733, ಶೇ. 5.8 ಹೆಚ್ಚು, ರಿಮ್ಮು ಕನಿಷ್ಠ 6 ಇಂಚು ಬೇಕು. ಹಳೆಯ ರಿಮ್ಮಿಗೇ ಹಾಕಿದರೆ ಟೈರಿನ ನಡುಭಾಗ ಉಬ್ಬಿ ಅದೊಂದೇ ಸವೆಯುತ್ತದೆ, ತಿರುವಿನಲ್ಲಿ ಗಾಡಿ ಓಲಾಡುತ್ತದೆ. 1.5 ಲೀಟರಿನ ಪೆಟ್ರೋಲ್ ಎಂಜಿನ್ನಿಗೆ ಏರುದಾರಿಯಲ್ಲಿ ಉಸಿರು ಕಟ್ಟುತ್ತದೆ. ರಿಮ್ಮು ತೀರಾ ಅಗಲವಾದರೂ ತೊಂದರೆಯೇ. ಪಕ್ಕೆ ಎಳೆದಂತಾಗಿ, ಗಾಳಿ ಇಳಿಸಿದಾಗ ಟೈರು ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

2020ರ ಥಾರ್ ಎರಡು ಅಳತೆಯಲ್ಲಿ ಬಂತು: 245/75 ಆರ್ 16 ಮತ್ತು 255/65 ಆರ್ 18. ಎತ್ತರ 774 ಮತ್ತು 789. 18 ಇಂಚಿನದು ನೋಡಲು ಚೆಂದ, ಡಾಂಬರಿನಲ್ಲಿ ಚುರುಕು. ಆದರೆ ಪಕ್ಕೆಯ ಎತ್ತರ 184ರಿಂದ 166 ಮಿ.ಮೀ.ಗೆ ಇಳಿದಿದೆ. ಗಾಳಿ ಇಳಿಸಿ ಓಡಿಸುವವರಿಗೆ ಬೇಕಾದದ್ದು ಆ 18 ಮಿ.ಮೀ. ರಬ್ಬರೇ. ಕಲ್ಲುದಾರಿಗೆ ಚಿಕ್ಕ ರಿಮ್ಮಿನದೇ ವಾಸಿ.

ಅಗಲ ಟೈರಿನ ಜೊತೆಗೆ ಆಫ್‌ಸೆಟ್ (ರಿಮ್ಮಿನ ನಡುಗೆರೆಯಿಂದ ಹಬ್ಬಿಗೆ ಕೂರುವ ಮುಖ ಎಷ್ಟು ದೂರ ಎಂಬ ಅಳತೆ) ಬೇರೆ ಇರುವ ರಿಮ್ಮು ಹಾಕಿ ಚಕ್ರವನ್ನು ಹೊರಗೆ ತಳ್ಳುವುದು ಫ್ಯಾಷನ್. ಚಕ್ರ ಹೊರಗೆ ಹೋದಷ್ಟೂ ಹಬ್ ಬೇರಿಂಗಿನ ಮೇಲೆ ಸನ್ನೆಕೋಲಿನಂತೆ ಭಾರ ಬೀಳುತ್ತದೆ, ಬಾಲ್ ಜಾಯಿಂಟು ಬೇಗ ಸವೆಯುತ್ತದೆ, ಕಲ್ಲಿಗೆ ತಾಗಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತೆ ತಿರುಗುತ್ತದೆ. ಕೆಸರೆಲ್ಲ ಬಾಗಿಲಿಗೆ, ಕನ್ನಡಿಗೆ ರಾಚುತ್ತದೆ. ಹೊಸ ಟೈರು ಕೂರಿಸಿದ ಮೇಲೆ ಸ್ಟೀರಿಂಗ್ ಅನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಒಂದು ಮುಂದಿನ ಚಕ್ರವನ್ನು ದಿಬ್ಬದ ಮೇಲೆ ಹತ್ತಿಸಿ, ಒಳಗಡೆ ಛಾಸಿಗೆ, ಬ್ರೇಕ್ ಹೋಸಿಗೆ, ಲೈನರಿಗೆ ಉಜ್ಜುತ್ತದೆಯೇ ನೋಡಬೇಕು. ಸಮನೆಲದಲ್ಲಿ ಉಜ್ಜದ್ದು ಗುಂಡಿಯಲ್ಲಿ ಉಜ್ಜುತ್ತದೆ.

ಟೈರಿನ ಎತ್ತರ 774ರಿಂದ 806ಕ್ಕೆ ಏರಿದರೆ ಶೇ. 4 ವ್ಯತ್ಯಾಸ. ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 83ರಲ್ಲಿರುತ್ತದೆ, ಪ್ರತಿ ಗೇರೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗುತ್ತದೆ. ಶೇ. 3ರ ಒಳಗೆ ಇರುವುದು ಕ್ಷೇಮ. ಕಾನೂನಿನ ಕಡೆಗೂ ಗಮನ ಬೇಕು. ಮೋಟಾರು ವಾಹನ ಕಾಯ್ದೆಯ ಕಲಂ 52ರ ಪ್ರಕಾರ ತಯಾರಕರು ನಮೂದಿಸಿದ ವಿವರಗಳಿಗೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಒತ್ತಿ ಹೇಳಿದೆ. ಅದೇ ಮಾಡೆಲ್‌ನ ಬೇರೆ ವೇರಿಯಂಟಿಗೆ ಕಂಪನಿಯೇ ಕೊಡುವ ಅಳತೆಯನ್ನು ಆರಿಸಿದರೆ ವಿಮೆಯ ಸಮಯದಲ್ಲಿ ವಾದ ಮಾಡುವ ಪ್ರಮೇಯ ಕಡಿಮೆ.

ಸಪೂರ ಟೈರು ಬೇಕೆಂದು ಸಣ್ಣ ಲಾರಿಯ 7.50-16 ತಂದು ಜೀಪಿಗೆ ಹಾಕುವವರಿದ್ದಾರೆ. ಅಳತೆಯೇನೋ ಸರಿ. ಆದರೆ ಟನ್ನುಗಟ್ಟಲೆ ಹೊರಲು ಮಾಡಿದ 14–16 ಪ್ಲೈ (ಟೈರಿನ ಬಲದ ಮಟ್ಟ) ಟೈರು ಹಗುರ ಜೀಪಿನ ಕೆಳಗೆ ಬಾಗುವುದೇ ಇಲ್ಲ. ಗಾಳಿ ಅರ್ಧಕ್ಕೆ ಇಳಿಸಿದರೂ ಪಕ್ಕೆಯ ಬಿಗಿತವೇ ಭಾರ ಹೊತ್ತು ನಿಲ್ಲುತ್ತದೆ, ಅಚ್ಚು ದೊಡ್ಡದಾಗುವುದಿಲ್ಲ. ಮೇಲಿನ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಗಾಡಿಯ ತೂಕಕ್ಕೆ ತಕ್ಕ, 6ರಿಂದ 8 ಪ್ಲೈ ಮಟ್ಟದ ಟೈರೇ ಸಾಕು.

ಗಾಳಿಯ ಅಂದಾಜು

ಬೀಡ್‌ಲಾಕ್ (ಟೈರಿನ ಅಂಚನ್ನು ರಿಮ್ಮಿಗೆ ಬಿಗಿದಿಡುವ ಬಳೆ) ಇಲ್ಲದ ಸಾಮಾನ್ಯ ರಿಮ್ಮಿಗೆ, ಎರಡು ಟನ್ನಿನೊಳಗಿನ ಗಾಡಿಗೆ, ಹೀಗೆ ಶುರು ಮಾಡಬಹುದು: ಜಲ್ಲಿದಾರಿಗೆ 24–26 ಪಿಎಸ್‌ಐ, ಕೆಸರು ಮತ್ತು ಕಲ್ಲಿಗೆ 18–20, ಮರಳಿಗೆ 14–16. ಸಪೂರ ಟೈರಾದರೆ ಪ್ರತಿಯೊಂದಕ್ಕೂ ಒಂದೆರಡು ಪಿಎಸ್‌ಐ ಹೆಚ್ಚಿಡಿ. ಅಂಕಿಗಿಂತ ಕಣ್ಣಳತೆ ಮೇಲು: ಪೂರ್ತಿ ಗಾಳಿಯಲ್ಲಿ ರಿಮ್ಮಿನ ಅಂಚಿನಿಂದ ನೆಲಕ್ಕೆ 160 ಮಿ.ಮೀ. ಇದ್ದರೆ, ಮರಳಿಗೆ ಅದು 120ರ ಹತ್ತಿರ ಬರುವವರೆಗೆ ಇಳಿಸಿ, ಅಂದರೆ ಮುಕ್ಕಾಲು ಪಾಲು. ಟೈರಿನ ಗಡಸುತನ, ಗಾಡಿಯ ಹೇರು ಎರಡನ್ನೂ ಈ ಅಳತೆಯೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. 20 ಪಿಎಸ್‌ಐನಲ್ಲಿ ಗಂಟೆಗೆ 40 ಕಿ.ಮೀ. ದಾಟಬೇಡಿ, 15ರಲ್ಲಿ 20–25. ಇಳಿಸಿದ ಗಾಳಿಯಲ್ಲಿ ಗಕ್ಕನೆ ಸ್ಟೀರಿಂಗ್ ತಿರುಗಿಸಿದರೆ ಟೈರು ರಿಮ್ಮಿನಿಂದ ಹೊರಬೀಳುತ್ತದೆ. ಡಾಂಬರು ಸಿಕ್ಕ ಕೂಡಲೇ ತುಂಬಿಸಲು ಬ್ಯಾಟರಿಗೆ ಕಚ್ಚಿಸುವ 12 ವೋಲ್ಟ್ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಮೆತ್ತಗಿನ ಟೈರಿನಲ್ಲಿ ಹೆದ್ದಾರಿ ಹಿಡಿದರೆ ಪಕ್ಕೆ ಮಡಚಿ ಮಡಚಿ ಕಾದು, ಒಳಗಿನ ನೂಲು ಬಿಟ್ಟುಕೊಂಡು ಸಿಡಿಯುತ್ತದೆ. ಸಿಡಿಯುವುದು ಆ ದಿನವೇ ಅಲ್ಲ, ವಾರದ ನಂತರವೂ ಇರಬಹುದು.

ಕೊಳ್ಳುವಾಗ ನಾಲ್ಕಲ್ಲ, ಸ್ಟೆಪ್ನಿಯೂ ಸೇರಿ ಐದು ಒಂದೇ ಅಳತೆ, ಒಂದೇ ಬಗೆಯದು ಇರಲಿ. ಮುಂದೆ ಒಂದು ಎತ್ತರ, ಹಿಂದೆ ಒಂದು ಎತ್ತರ ಇದ್ದು ಫೋರ್ ಬೈ ಫೋರ್ ಹಾಕಿದರೆ ಎರಡೂ ಆಕ್ಸಲ್ಲುಗಳು ಒಂದನ್ನೊಂದು ಎಳೆದಾಡಿ, ಎರಡಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಹಾಳಾಗುತ್ತದೆ. ಹಿಂಬಾಗಿಲಿಗೆ ತೂಗುವ ಸ್ಟೆಪ್ನಿಯಾದರೆ ಹೆಚ್ಚುವರಿ ತೂಕವನ್ನು ಬಾಗಿಲಿನ ಹಿಂಜು ಹೊರುತ್ತದೆಯೇ ಎಂದೂ ನೋಡಿಕೊಳ್ಳಿ. ಕೂರಿಸಿ ಐವತ್ತರಿಂದ ನೂರು ಕಿ.ಮೀ. ಓಡಿದ ಮೇಲೆ ವೀಲ್ ನಟ್ಟುಗಳನ್ನು ಕೈಪಿಡಿಯಲ್ಲಿ ಹೇಳಿದ ಟಾರ್ಕಿಗೆ ಮತ್ತೊಮ್ಮೆ ಬಿಗಿಸಿ.